ಹೊಟ್ಟೆಬಾಗಿಲು

ಊರಿಗಾಂ ವರ್ಕ್‌ಶಾಪಿನ ಹಿಂದಿನ ಕೋಣೆ.
ಕಿಟಕಿಗೆ ಕಪ್ಪು ಕಾಗದ, ಹಗಲಲ್ಲೂ ದೀಪ.
ನಾನು ಟ್ರೇಸರ್: ಇಂಜಿನಿಯರ ಪೆನ್ಸಿಲ್ ಗೆರೆಯ ಮೇಲೆ
ಗಂಜಿ ಹಾಕಿದ ನೀಲಿ ಬಟ್ಟೆ ಹಾಸಿ
ಅದೇ ಗೆರೆಯನ್ನು ಮಸಿಯಲ್ಲಿ ಎಳೆಯುವವನು.
ಬೆವರು ಬಿದ್ದರೆ ಬಟ್ಟೆ ಮುದುಡುತ್ತದೆ,
ಅದಕ್ಕೇ ಮುಂಗೈಗೆ ಟವೆಲು.

ಕಾಗದದಲ್ಲಿ ಅದರ ಹೆಸರು ಮಾದರಿ ಏಳು.
ಫೌಂಡ್ರಿಯವರಿಗೆ ಎಮ್ಮೆ.
ಮೊದಲು ಮೂವತ್ತೆಂಟು ಟನ್ನು ಅಂದರು.
ಆಮೇಲೆ ಯಾವುದೋ ಮರಳುಗಾಡಿನಿಂದ ತಂತಿ ಬಂತು:
ಎದುರಿನವರ ಗುಂಡು ಮೂರಂಗುಲ ಉಕ್ಕನ್ನು
ಬಿಸಿಮುದ್ದೆಗೆ ಬೆರಳಿಟ್ಟಂತೆ ತೂರಿತಂತೆ.
ಮೂರು ನಾಲ್ಕಾಯಿತು, ನಾಲ್ಕು ಐದೂವರೆ;
ಉಕ್ಕು ಹೆಚ್ಚಿದರೆ ಎಂಜಿನ್ನು ದೊಡ್ಡದು,
ಎಂಜಿನ್ನು ದೊಡ್ಡದಾದರೆ ಅದನ್ನು ಮುಚ್ಚಲು ಮತ್ತಷ್ಟು ಉಕ್ಕು,
ಬಡ್ಡಿಗೆ ಬಡ್ಡಿ ಹುಟ್ಟಿದ ಹಾಗೆ.
ಐವತ್ತೊಂಬತ್ತಕ್ಕೆ ಬಂದಾಗ ಅನಂತಪದ್ಮಯ್ಯನವರು
ಸ್ಲೈಡ್ ರೂಲು ಕೆಳಗಿಟ್ಟು ಕೇಳಿದರು:
"ಬೌರಿಂಗ್‌ಪೇಟೆ ದಾರಿಯ ಮೋರಿ ಎಷ್ಟು ತಡೆಯುತ್ತಪ್ಪ?"
ಯಾರಿಗೂ ಗೊತ್ತಿರಲಿಲ್ಲ. ಕಟ್ಟಿದವರು
ಎತ್ತಿನಗಾಡಿಯನ್ನು ಮನಸ್ಸಲ್ಲಿಟ್ಟು ಕಟ್ಟಿದ್ದರು.

ಬಡಗಿ ವೀರಾಚಾರಿ ಹುಣಸೆ ಹಲಗೆಯಲ್ಲಿ
ಇಡೀ ಎಮ್ಮೆಯನ್ನು ಹೊಡೆದು ನಿಲ್ಲಿಸಿದ.
ಚಾಲಕನ ಸೀಟಿಗೆ ಅಳತೆ ಬೇಕು.
ಗಣಿಯಿಂದ ಸವರಿಮುತ್ತುವನ್ನು ಕರೆಸಿದರು:
ಗಿಡ್ಡ, ಒಣಕಲು, ಎರಡಡಿ ಸಂದಿನಲ್ಲಿ
ಎಂಟು ಗಂಟೆ ಮಲಗಿ ಬಂಡೆ ಕೊರೆಯುವವನು.
ಮೊಣಕಾಲಿಗೆ, ಭುಜಕ್ಕೆ, ನೆತ್ತಿಗೆ ಟೇಪು ಹಿಡಿದೆ.
ನಕ್ಷೆಯಲ್ಲಿ ಮನುಷ್ಯನಿಗೆ ಪೂರ್ತಿ ಗೆರೆ ಇಲ್ಲ,
ಚುಕ್ಕೆಗೆರೆ ಅಷ್ಟೆ. ಇದ್ದರೂ ಇರಬಹುದು,
ಇಲ್ಲದಿದ್ದರೂ, ಅನ್ನೋ ಲೆಕ್ಕ.

ಒಳಗಿನ ಕತ್ತಲಿಂದ ಅವನ ದನಿ:
"ಇನ್ನೊಂದು ದಾರಿ ಎಲ್ಲಿ, ಸಾಮಿ?
ಕೆಳಗೆ ನಮಗೆ ಯಾವಾಗಲೂ ಎರಡಿರುತ್ತೆ.
ಒಂದು ಕುಸಿದರೆ ಇನ್ನೊಂದು."
ಅನಂತಪದ್ಮಯ್ಯ ತುಂಬ ಹೊತ್ತು ಸುಮ್ಮನಿದ್ದರು.
ಮರುದಿನ ಹೊಟ್ಟೆಯಡಿ ಒಂದು ವೃತ್ತ ಬಂತು,
ಸವರಿಮುತ್ತುವಿನ ಭುಜಕ್ಕೆ
ಅರ್ಧ ಅಂಗುಲ ಮಿಕ್ಕುವಷ್ಟು.
ಜೀವಮಾನದಲ್ಲಿ ಅಷ್ಟು ದುಂಡಗೆ
ನಾನು ಬೇರೇನನ್ನೂ ಎಳೆದಿಲ್ಲ.

ಉಕ್ಕಿನದು ಒಂದೇ ಹುಟ್ಟಿತು. ಮೇ ತಿಂಗಳಲ್ಲಿ
ಸೈನೇಡ್ ದಿಬ್ಬ ಹತ್ತಿಸಿದರು.
ಬಿಳಿ ಧೂಳಲ್ಲಿ ಅರ್ಧಕ್ಕೆ ಹೋಗಿ
ನಿಜವಾದ ಎಮ್ಮೆಯ ಹಾಗೇ ಮಂಡಿಯೂರಿ ಕೂತಿತು.
ದೆಹಲಿಯ ಕರ್ನಲ್ ಕನ್ನಡಕ ಒರೆಸಿಕೊಂಡ:
"ತೂಕ ಇಳಿಸಿ."
ಕವಚ ಮುಟ್ಟುವಂತಿಲ್ಲ, ಫಿರಂಗಿ ಮುಟ್ಟುವಂತಿಲ್ಲ.
ಉಳಿದದ್ದು ಬಾಗಿಲು. ಚೌಕಟ್ಟು, ಕೀಲು, ಅಗುಳಿ ಸೇರಿ
ಮುನ್ನೂರ ಹತ್ತು ಪೌಂಡು.
ಐವತ್ತೊಂಬತ್ತು ಟನ್ನಿನಲ್ಲಿ!
"ಕೆರೆದುಬಿಡು" ಅಂದರು ಅನಂತಪದ್ಮಯ್ಯ,
ನನ್ನ ಕಡೆ ನೋಡದೆ.
ಬ್ಲೇಡಿನಲ್ಲಿ ಕೆರೆದೆ. ಮಸಿ ಹೋಯಿತು,
ಬಟ್ಟೆ ಅಲ್ಲಿ ತೆಳ್ಳಗಾಯಿತು.

ಆಗಸ್ಟಿನಲ್ಲಿ ಯುದ್ಧವೇ ಮುಗಿಯಿತು.
ಎಮ್ಮೆಯನ್ನು ಕೊಯ್ದು ಕುಲುಮೆಗೆ ಹಾಕಿದರು.
ಸವರಿಮುತ್ತು ಮತ್ತೆ ಕೆಳಗಿಳಿದ.
ನಕ್ಷೆ ಸುಡಿ ಅಂದರು; ಬಟ್ಟೆಗೂ ರೇಷನ್ ಇದ್ದ ಕಾಲ,
ಒಂದನ್ನು ಪಂಚೆಯೊಳಗೆ ಸುತ್ತಿ ತಂದೆ.
ಮುನಿಲಕ್ಷ್ಮಿ ಬಿಸಿನೀರಲ್ಲಿ ಮೂರು ಸಲ ಒಗೆದಳು.
ಗಂಜಿ ಬಿಟ್ಟಮೇಲೆ ಒಳಗಿದ್ದದ್ದು
ಹೂವಿನಂಥ ಬಟ್ಟೆ, ಮಗುವಿಗೆ ಎರಡು ಅಂಗಿ.
ಮಸಿ ಪೂರ್ತಿ ಹೋಗಲಿಲ್ಲ: ಒಂದರ ಬೆನ್ನಿಗೆ
ಚುಕ್ಕೆಗೆರೆಯ ಭುಜ.

ಆರು ತಿಂಗಳಿಗೆ ಅದು ಹರಿಯಿತು, ಹೊಟ್ಟೆಯ ಹತ್ತಿರ,
ನಾನು ಕೆರೆದ ಜಾಗದಲ್ಲೇ.
ಮಗಳು ಒಳಗಿಂದ ಬೆರಳು ತೂರಿಸಿ
ಆಡಿಸುತ್ತಿದ್ದಳು, ನಗುತ್ತ.
ಮುನಿಲಕ್ಷ್ಮಿ ಸೂಜಿ ತಂದಳು.
ಹಾಗೇ ಇರಲಿ ಬಿಡು, ಅಂದೆ.