ಉಂಗುರ ಕೂತ ಬಿಸಿ

ಎರಡು ಬಿಲ್ಲೆ ಹರಿದಿದ್ದವು, ಒಂದು ನನ್ನ ಸೀನಿಗೆ.
ಮೂರನೆಯದನ್ನು ಡಬ್ಬಿಯೊಳಗಿನ ಡಬ್ಬಿಯಲ್ಲಿಟ್ಟು
ಶಹಾಪುರದ ಸರಾಫ ಓಣಿಗೆ ಬಂದೆ.
ಮೋನಪ್ಪ ಪತ್ತಾರರು ಮುಚ್ಚಳ ತೆಗೆದು ನೋಡಿದವರೇ
ಎದ್ದುಹೋಗಿ ಫ್ಯಾನು ಆರಿಸಿದರು.

ಪ್ಲಾಟಿನಮ್ಮು. ಕೂದಲೆಳೆಯೊಂದನ್ನು ಐವತ್ತು ಸೀಳು ಮಾಡಿದರೆ
ಒಂದು ಸೀಳಿನಷ್ಟು ದಪ್ಪ.
ಅದನ್ನು ಚೌಕಟ್ಟಿಗೆ ಕೂರಿಸುವುದು
ನಮ್ಮ ಲ್ಯಾಬಿನ ಯಾರ ಕೈಗೂ ಒಗ್ಗಿರಲಿಲ್ಲ.

'ಇದರ ಮ್ಯಾಗ ಏನ ಕುಂಡ್ರಸ್ತಿ, ಹರಳೇನು?'
ಉಂಗುರ, ಅಂದೆ.
ತಲೆಯೆತ್ತಿ ನನ್ನ ಬೆರಳು ನೋಡಿದರು.

ಆ ಉಂಗುರವಲ್ಲ. ಆರು ಇಂಗಾಲ
ಕೈ ಕೈ ಹಿಡಿದು ನಿಂತ ಬೆಂಜೀನು.
ಪೆಟ್ರೋಲ್ ಬಂಕಿನ ವಾಸನೆಯಲ್ಲಿ ಅದರದೂ ಒಂದು ಎಳೆ ಇದೆ.
ಗಾಳಿಯನ್ನೆಲ್ಲ ಹೀರಿ ಬರಿದು ಮಾಡಿದ ಉಕ್ಕಿನ ಗಡಿಗೆಯೊಳಗೆ
ಚಿಟಿಕೆ ಚಿಟಿಕೆಯಾಗಿ ಎಸೆಯುತ್ತೇವೆ.
ಲೋಹ ಸಿಕ್ಕಿದರೆ ಅಂಗಾತ ಮಲಗುತ್ತದೆ,
ಮಲಗುವಾಗ ಬಿಸಿ ಬಿಡುತ್ತದೆ.
ಆ ಬಿಸಿ ಎಷ್ಟೆಂದು ಅಳೆಯಬೇಕು, ಅಷ್ಟೇ ನನ್ನ ಕೆಲಸ.

'ಕುಂತರ ಬಿಸಿ ಆಕೈತಿ? ಓಡ್ಯಾಡಿದರ ಆಗಬೇಕಲ್ಲ!'
ನಕ್ಕಾಗ ಬಿಲ್ಲೆಯಿಂದ ಮುಖ ಆಚೆ ತಿರುಗಿಸಿಕೊಂಡರು.

ನೀವು ಅಡವು ಇಟ್ಟುಕೊಳ್ಳುತ್ತೀರಲ್ಲ, ಹಾಗೆ:
ಕೂರುವಾಗ ಕೊಟ್ಟದ್ದನ್ನು
ಏಳುವಾಗ ನಾವು ತಿರುಗಿ ಕೊಡಬೇಕು.
ಆದರೆ ಇದು ಏಳುವ ಪೈಕಿಯದಲ್ಲ.
ಕಾಯಿಸಿದರೆ ಏಳುವ ಮೊದಲೇ ಮುರಿಯುತ್ತದೆ,
ಹೈಡ್ರೋಜನ್ ಹಾರಿಹೋಗಿ
ತಳ ಹಿಡಿದ ಪಾತ್ರೆಯಂತೆ ಕರಿ ಉಳಿಯುತ್ತದೆ.
ಎಬ್ಬಿಸಿ ಕೇಳುವ ಹಾಗಿಲ್ಲ.
ಕೂರುವ ಗಳಿಗೆಯಲ್ಲೇ ಕೇಳಬೇಕು.

ಅವರು ಮಾತಾಡಲಿಲ್ಲ. ಚಿಮಟ ತೆಗೆದುಕೊಂಡರು.

*

ಡಿಸೆಂಬರ್, ರಾತ್ರಿ ಒಂದೂವರೆ.
ಕಾಕತಿಯ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರು,
ಎರಡೆರಡು ಟ್ರೇಲರು, ಜೊತೆಗೆ ಹಳೆಯ ಹಾಡಿನ ಗದ್ದಲ.
ಒಂದು ಹೋದರೆ ಪರದೆಯ ಗೆರೆ
ಐದು ನಿಮಿಷ ನಡುಗುತ್ತದೆ.
ಕಾಯುತ್ತೇನೆ. ಪಂಪು ಗೊಣಗುತ್ತದೆ.
ಬಿಲ್ಲೆಯ ಬೆನ್ನಿಗೆ ಒತ್ತಿ ನಿಂತ ಪಟ್ಟಿಗೆ
ತಾಗಬೇಕಾದ ಬಿಸಿ ಎಷ್ಟೆಂದರೆ
ಸೊಳ್ಳೆಯೊಂದು ಬೆರಳುದ್ದ ಮೇಲೇಳುವ ಶ್ರಮದಷ್ಟು.

ಮೊದಲ ಚಿಟಿಕೆ.
ಗೆರೆ ಒಮ್ಮೆಗೇ ಎದ್ದು ನಿಂತಿತು,
ಪರದೆಯ ಅಂಚು ದಾಟಿ.
ಎರಡನೆಯದು ಗಿಡ್ಡ, ಮೂರನೆಯದು ಇನ್ನೂ.
ಬಂದು ಕೂರದೆ ಪುಟಿದು ಹೋದವನ್ನು ಎಣಿಸಿ ಕಳೆದೆ.
ಮುನ್ನೂರನೆಯ ಹೊತ್ತಿಗೆ ನೆಲ ತುಂಬಿತ್ತು,
ಬಂದವರು ಪಕ್ಕದವರ ಮೊಳಕೈ ತಪ್ಪಿಸಿ
ಓರೆಯಾಗಿ, ಹೆಚ್ಚುಕಡಿಮೆ ತಣ್ಣಗೆ ಬಂದರು.

'ಆ ಮೊದಲನೇದು ದೋಷ' ಅಂದರು ಚೌಗುಲೆ ಮೇಡಂ.
'ಎಲ್ಲೋ ಮೆಟ್ಟಿಲು, ಒಡಕು ಇರಬೇಕು. ತೆಗೆದುಹಾಕು.'

*

ನಾಲ್ಕನೇ ಸಲ ಹೋದದ್ದು ಕೂಲಿ ಕೊಡಲು.
ಫೋನಿನಲ್ಲಿ ನಕ್ಷೆ ತೋರಿಸಿದೆ.
ಹೆಬ್ಬೆರಳಿನ ಮಸಿ ಗಾಜಿಗೆ ಅಂಟಿಸುತ್ತ
ದೊಡ್ಡದು ಮಾಡಿ ನೋಡಿದರು, ಬಹಳ ಹೊತ್ತು.

'ಇದೊಂದ ಯಾಕ ಇಷ್ಟ ಎತ್ತರ?'
ಅಲ್ಲಿ ಲೋಹ ನುಣುಪಿಲ್ಲ, ಅಂದೆ.
'ಗೀರ ಇದ್ದಲ್ಲೇ ಬೆಸುಗಿ ಗಟ್ಟಿ ಹಿಡೀತೈತವ್ವಾ.
ನುಣುಪಿಗೆ ಏನ ಹತ್ತತೈತಿ?'
ಆಮೇಲೆ, ಕುಲುಮೆಯ ಕಡೆ ತಿರುಗಿ:
'ಅವತ್ತ ನನ್ನ ಚಿಮಟಾ ತುಸು ತಾಗಿತ್ತು. ಹೇಳಲಿಲ್ಲ.'

ಎರಡು ನೂರು ಕೊಟ್ಟೆ. ನೂರು ವಾಪಸು ಸರಿಸಿದರು.
ನಾನು ಮುಟ್ಟಲಿಲ್ಲ. ನೋಟು ಹಲಗೆಯ ಮೇಲೇ ಇತ್ತು
ಇಕ್ಕಳ, ರಾಳ, ಊದುಗೊಳವೆಗಳ ನಡುವೆ.

ಪ್ರಬಂಧದ ನಲವತ್ತೊಂದನೇ ಪುಟದಲ್ಲಿ
ಉಳಿದ ಚುಕ್ಕೆಗಳೆಲ್ಲ ಕಪ್ಪು, ಸಾಲಾಗಿ ಇಳಿಜಾರಿನಲ್ಲಿವೆ.
ಅನುಮಾನವಿರುವ ಬಿಂದುವಿಗೆ
ಬರೀ ವೃತ್ತ ಬರೆಯುವುದು ನಮ್ಮಲ್ಲಿ ರೂಢಿ.
ತೆಗೆದುಹಾಕಲಿಲ್ಲ. ಮೇಲೆ ಒಂಟಿಯಾಗಿ
ಹರಳಿಲ್ಲದ ಒಂದು ಉಂಗುರ.
ಅಡಿಟಿಪ್ಪಣಿಯಲ್ಲಿ, ಬಿಲ್ಲೆ ಕೂರಿಸಿದವರು: ಮೋ. ಪತ್ತಾರ, ಶಹಾಪುರ.