ಇನ್ನೊಂದ್ಸಲ ಎಣ್ಸು

ಇದ್ದಿಲ ಪುಡಿಗೆ ಜಿಗಟು ಬೆರೆಸಿ ಕಲಸುವಾಗ
ಅವ್ವನ ಕೈ ಮೊಣಕೈವರೆಗೂ ರಾತ್ರಿ.
ಮಣೆಯ ಮೇಲೆ ಬಿದಿರುಕಡ್ಡಿ.
ಒಂದು ಉರುಳು, ಅರ್ಧ ಉರುಳು, ತಟ್ ಅಂತ ಪಕ್ಕಕ್ಕೆ.
ಒಂದು ಉರುಳು, ಅರ್ಧ ಉರುಳು, ತಟ್.
ಅದು ತಾಳ ಅಂತ ನಮಗೆ ಗೊತ್ತಿರಲಿಲ್ಲ,
ಸಾವಿರ ಬತ್ತಿಗೆ ಇಷ್ಟು ರೂಪಾಯಿ ಅಂತ ಮಾತ್ರ ಗೊತ್ತಿತ್ತು.

ಕ್ಯಾತಮಾರನಹಳ್ಳಿಯ ಆ ಒಂದೇ ಕೋಣೆಯಲ್ಲಿ
ನನ್ನ ತಮ್ಮ ಮಂಟೇಶ
ಮಣೆಯ ಕಾಲಿಗೆ ತಲೆಕೊಟ್ಟು ಮಲಗುತ್ತಿದ್ದ.
ನಿದ್ದೆಯಲ್ಲೂ ಅವನ ಹೆಬ್ಬೆರಳು ಆಡುತ್ತಿತ್ತು.

ಶನಿವಾರ ಏಜೆಂಟು ಸೋಮು.
ಕಿವಿಯ ಮೇಲೆ ಪೆನ್ನು, ಕಣ್ಣಲ್ಲೇ ತಕ್ಕಡಿ.
ಕಟ್ಟು ಎತ್ತಿ ಇಳಿಸಿ
"ತೊಂಬತ್ತು ಕಮ್ಮಿ ಐತೆ ಕಣಮ್ಮ" ಅನ್ನುವನು.
ಅವ್ವ ಕರಿಗೈ ಒರೆಸಿಕೊಳ್ಳದೆ ಎದ್ದು
ಬಾಗಿಲಿಗೆ ಅಡ್ಡ ನಿಲ್ಲುವಳು:
"ಎಣ್ಸಪ್ಪಾ ಎಣ್ಸು.
ಬೆರಳೈತಲ್ಲ, ಕಣ್ಣೈತಲ್ಲ,
ಇನ್ನೊಂದ್ಸಲ ಎಣ್ಸು."

ಆಮೇಲಿನದು ನಿಮಗೆಲ್ಲ ಗೊತ್ತು.
ಗೊತ್ತಿಲ್ಲದ್ದು ಸ್ವಲ್ಪ ಹೇಳುತ್ತೇನೆ.
ಪಂಚರ್ ಅಂಗಡಿಯ ಹಿಂದುಗಡೆ
ಮೊಟ್ಟೆ ಟ್ರೇ ಅಂಟಿಸಿದ ಗೋಡೆ,
ಮೂರು ಹುಡುಗರಿಗೆ ಒಂದು ಫೋನು.
ನಡುವೆ ಬೊಗಳುವ ನಾಯಿ ನಮ್ಮ ಬೀದಿಯ ಕೆಂಚ;
ಅಳಿಸಲು ಬರದೆ ಹಾಗೇ ಬಿಟ್ಟಿದ್ದು.
ಯಾವುದೋ ಕಾಲೇಜಿನ ವೇದಿಕೆಯಲ್ಲಿ ಮೈಕು ಕಿತ್ತುಕೊಂಡು
"ಇದು ಹಾಡೋ ಜಗಳವೋ?" ಅಂದರಂತೆ.
"ನಮ್ಮನೇಲಿ ಎರಡಕ್ಕೂ ಒಂದೇ ಗಂಟಲು ಸಾರ್" ಅಂದನಂತೆ ಇವನು.

ಮೊದಲ ವಾರ ನಲವತ್ತು ಸಲ ನೋಡಿದ್ದರು,
ಅದರಲ್ಲಿ ಹನ್ನೊಂದು ಸಲ ನಾನೇ.
ಒಂದು ಬೆಳಿಗ್ಗೆ ಹಾಲಿಗೆ ಹೋದರೆ
ನಿಂತ ಆಟೋದೊಳಗಿಂದ ಅವ್ವ ಬೈಯುತ್ತಿದ್ದಳು,
ತಮ್ಮನ ದನಿಯಲ್ಲಿ.
ಚಿಲ್ಲರೆಗಾಗಿ ಕಾಯುತ್ತ ಡ್ರೈವರು ತಲೆ ಕುಣಿಸುತ್ತಿದ್ದ.
ಆಮೇಲೆ ಸೊನ್ನೆಗಳು.
ಬೆರಳಿಟ್ಟು ಎಣಿಸಿದೆ, ತಪ್ಪಿತು,
ಮತ್ತೆ ಎಣಿಸಿದೆ.

ಸಿನಿಮಾದವರು ಬಂದರು.
ಹೀರೋ ಕಾರಿನಿಂದ ಇಳಿದು ನೋಟಿನ ಕಟ್ಟು ಎಸೆಯುತ್ತಾನೆ,
ಹಿಂದೆ ನಮ್ಮ ಮಂಟೇಶ: ಎಣ್ಸಪ್ಪಾ ಎಣ್ಸು.
ಸಾಲ ಕೊಡುವ ಕಂಪನಿಯ ಜಾಹೀರಾತಿನಲ್ಲಿ
ಬಿಳಿ ಸೋಫಾದ ಹೆಣ್ಣುಮಗಳು ನಗುತ್ತ
"ಬೆರಳಿದೆಯಲ್ಲಾ, ಕಣ್ಣಿದೆಯಲ್ಲಾ" ಅನ್ನುತ್ತಾಳೆ.
ಅವ್ವ ಟಿವಿಯನ್ನೇ ನೋಡಿದಳು.
"ಯಾಕೆ ನನ್ ಮಾತ್ನ ಇಸ್ತ್ರಿ ಮಾಡ್ಬುಟ್ಟವ್ರೆ?"

ದುಡ್ಡು ಬಂತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಬಂತು.
ಸಂಘದ ಸಾಲ ತೀರಿತು, ನನ್ನ ಓಲೆ ಬಿಡಿಸಿದ್ದಾಯ್ತು.
ಮಣೆ ಮಾತ್ರ ಎತ್ತಲಿಲ್ಲ ಅವ್ವ:
"ಬತ್ತಿ ಉರಿಯದು ಅರ್ಧ ಗಂಟೆ,
ಹಾಡು ಎಷ್ಟೊತ್ತು ಉರೀತದೋ ನೋಡಾನ."

ದಸರಾಕ್ಕೆ ಕತ್ತಿಗೆ ಪಾಸು ನೇತುಹಾಕಿ
ನಮ್ಮಿಬ್ಬರನ್ನೂ ಸ್ಪೀಕರಿನ ಮಗ್ಗುಲಲ್ಲಿ ನಿಲ್ಲಿಸಿದರು.
ನಿಂಬೆಹಣ್ಣಲ್ಲಿ ಉಜ್ಜಿದರೂ
ಅವ್ವನ ಉಗುರಿನಂಚಿಗೆ ಕಪ್ಪು ಇದ್ದೇ ಇತ್ತು.
ಮಂಟೇಶ ಮೈಕನ್ನು ಜನರತ್ತ ಚಾಚಿದ.
ಮೈದಾನಕ್ಕೆ ಮೈದಾನವೇ, ಕೈ ಮೇಲೆತ್ತಿ:
ಇನ್ನೊಂದ್ಸಲ ಎಣ್ಸು! ಇನ್ನೊಂದ್ಸಲ ಎಣ್ಸು!
ಅವ್ವ ಹಿಂದೆ ತಿರುಗಿ ನೋಡಿದಳು,
ಗಾಬರಿಯಾದವಳಂತೆ ನನ್ನ ಕೈ ಹಿಡಿದಳು.
"ಇಷ್ಟು ಜನಕ್ಕೂವೆ
ಲೆಕ್ಕದಲ್ಲಿ ಮೋಸ ಆಗೈತಾ ಮಗ?"

ಆ ರಾತ್ರಿ ನಿದ್ದೆ ಬರದೆ
ಹಾಡಿನ ಕೊನೆಗೆ ಬರುವ ಹೆಸರುಗಳನ್ನು ಓದಿದೆ.
ಬೆಳಗಾಗುತ್ತಲೇ ಫೋನು ಮಾಡಿದೆ.
"ಮಂಟೇಶ, ಹದಿನೇಳು ಹೆಸರು ಅವೆ. ಒಂದು ಕಮ್ಮಿ ಐತೆ."
ನಕ್ಕ. "ಇನ್ನೊಂದ್ಸಲ ಎಣ್ಸಕ್ಕಾ."
ಎಣಿಸಿದೆ. ಜೋರಾಗಿ, ಒಂದೊಂದೇ ಹೆಸರು,
ಕ್ಯಾಮೆರಾ, ಬಟ್ಟೆ, ಊಟ, ವ್ಯಾನು...
ಹನ್ನೆರಡನೆಯದಕ್ಕೆ ಅವನ ನಗು ನಿಂತಿತ್ತು.
ಹದಿನೇಳಾದ ಮೇಲೆ ಇಬ್ಬರೂ ಸುಮ್ಮನಿದ್ದೆವು.
ಆಮೇಲೆ ಚಿಕ್ಕ ದನಿಯಲ್ಲಿ ಕೇಳಿದ,
ಮಣೆಯ ಕಾಲಿನ ಹತ್ತಿರ ಮಲಗುತ್ತಿದ್ದ ದನಿ:
"ಅವ್ವನ ಹೆಸರು ಇಂಗ್ಲಿಷಲ್ಲಿ ಹೆಂಗೆ ಬರಿಯದು?"

ಪುಟ್ಟಸಿದ್ದಮ್ಮ.
ಆಧಾರಿನಲ್ಲಿ ಒಂದು ಥರ, ರೇಷನ್ ಕಾರ್ಡಲ್ಲಿ ಇನ್ನೊಂದು.
ಎರಡರದ್ದೂ ಫೋಟೊ ಕಳಿಸಿದ್ದೇನೆ.
ಮ್ಯಾನೇಜರು ನೋಡುತ್ತಾರಂತೆ.

ಮೊನ್ನೆ ಶನಿವಾರ ಸೋಮು ಬಂದ.
ಕಟ್ಟಿಗೆ ಕೈ ಹಾಕುವಷ್ಟರಲ್ಲಿ
ಅವನ ಜೇಬಿನಿಂದಲೇ ಮಂಟೇಶ ಕೂಗಿದ:
ಎಣ್ಸಪ್ಪಾ ಎಣ್ಸು!
"ನಿಮ್ಮುಡುಗ ಬೆಳೆದ್ಬುಟ್ಟ ಕಣಮ್ಮ" ಅಂದ ಸೋಮು,
ನಿಜವಾದ ಸಂತೋಷದಿಂದಲೇ,
ಕಟ್ಟು ಎತ್ತಿ, ಇಳಿಸಿ.
"ಅರವತ್ತು ಕಮ್ಮಿ ಐತೆ."