ಅರ್ಧ ಮಿಲಿಮೀಟರ್

ಪಾಂಡವಪುರ ಸ್ಟೇಷನ್ ರಸ್ತೆ. ರಾತ್ರಿ ಒಂಬತ್ತೂವರೆ.
ಶಟರ್ ಅರ್ಧ ಎಳೆದಿದ್ದೆ.
ಬೋರಲಿಂಗ ಬಗ್ಗಿ ಒಳಗೆ ಬಂದ,
ಒಡೆದ ಹೋಸು ಹೆಗಲ ಮೇಲೆ, ಸತ್ತ ಕೇರೆಯ ಹಾಗೆ.
"ಕಬ್ಬು ಕಡಿಯೋ ಮಿಷಿನ್ನು ಗದ್ದೇಲೇ ನಿಂತದೆ ಕನಕ್ಕ,
ಬಿರ್ರನೆ ಒತ್ಕೊಡು."

ಹೊಸದು ಕೊಯ್ದೆ. ಒಳಗಿನ ರಬ್ಬರ್ ಪುಡಿ ಊದಿದೆ.
ಫಿಟ್ಟಿಂಗ್ ಎಲ್ಲಿಯವರೆಗೆ ಹೋಗಬೇಕೋ ಅಲ್ಲಿಗೊಂದು ಬಿಳಿ ಗೆರೆ.
ಎಂಟು ದವಡೆ ಒಟ್ಟಿಗೇ ಕಚ್ಚಿ ಬಿಟ್ಟವು.
ವರ್ನಿಯರ್ ಹಿಡಿದೆ. ತಿರುವಿ ಮತ್ತೆ ಹಿಡಿದೆ.
ಅರ್ಧ ಮಿಲಿಮೀಟರ್ ಹೆಚ್ಚೇ ಒತ್ತಿದೆ.
ಮಧ್ಯಾಹ್ನದ ಸೆಟ್ಟಿಂಗು ಬದಲಿಸದೆ ಬಿಟ್ಟವಳು ನಾನೇ.

"ಬಿಗಿಯಾದ್ರೆ ಒಳ್ಳೇದಲ್ವಾ?" ಅಂದ.
ಬಿಗಿಗೂ ಒಂದು ಹದ ಅದೆ, ಬೋರಲಿಂಗ. ಮೀರಿದರೆ
ಒಳಗಿನ ತಂತಿ ಯಾರಿಗೂ ಹೇಳದೆ ಮುರಿಯುತ್ತದೆ,
ಹೊರಗಡೆ ಹೊಳೆಯುತ್ತಲೇ ಇರುತ್ತದೆ.

ನನಗೆ ಕೆಲಸ ಕಲಿಸಿದ ಇಮ್ದಾದ್ ಸಾಬರು
ಸೋರುವ ಜಾಗ ಹುಡುಕಲು ಒಮ್ಮೆ ಬೆರಳಾಡಿಸಿದರು.
ಸೊಳ್ಳೆ ಕಚ್ಚಿದಷ್ಟು ಚುಕ್ಕಿ. ರಕ್ತವಿಲ್ಲ, ನೋವಿಲ್ಲ.
ಟೀ ಕುಡಿದರು, ನಕ್ಕರು, ಇನ್ನೆರಡು ಹೋಸು ಒತ್ತಿದರು.
ನಾಲ್ಕನೆಯ ದಿನ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ
ಬೆರಳೆರಡು ಬಿಟ್ಟು ಬಂದರು.
ಆಮೇಲೆ ಗೋಡೆಗೆ ರಟ್ಟಿನ ತುಂಡೊಂದನ್ನು ನೇತುಹಾಕಿ
ಅಂದರು: ಕೈಗಿಂತ ಇದು ಅಗ್ಗ.

ಬಿಸಾಡಿದೆ. ಹೊಸ ತುಂಡು ನನ್ನ ಲೆಕ್ಕಕ್ಕೆ.
ಗೆರೆ, ಅಳತೆ, ಒತ್ತು, ಅಳತೆ.
ಬೋರಲಿಂಗನದು ಕೊನೆವರೆಗೂ ಗೊಣಗಾಟ.
ಹತ್ತೂಮುಕ್ಕಾಲಿಗೆ ಅವನ ಬೈಕಿನ ಕೆಂಪು ದೀಪ
ತಿರುವಿನಲ್ಲಿ ಮರೆಯಾಯಿತು.
ಒಡೆಯದ ಹೋಸನ್ನು ಯಾರು ನೆನೆಸಿಕೊಳ್ಳುತ್ತಾರೆ?

ಕೆಟ್ಟದ್ದರ ಮೇಲೆ ಚಾಕಿನಲ್ಲಿ ತಾರೀಖು ಬರೆದು
ಮೊಳೆಗೆ ಸಿಕ್ಕಿಸಿದೆ, ಹಳೆಯ ಆರರ ಪಕ್ಕ.
ಕೆಲವು ಗಿರಾಕಿಗಳು ಅದನ್ನೂ ಮಾಲು ಅಂದುಕೊಂಡು
ರೇಟು ಕೇಳುತ್ತಾರೆ.